ಕುಲ್ಸುಮ್ ಹೆಸರಿನಲ್ಲಿ

ಆರು ವರ್ಷ ದುಡಿದ ಮೇಲೆ ಮೊದಲ ಸಲ ಕುಲ್ಸುಮ್ ಬಾನು ಎಂಬ ಹೆಸರು ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಅದನ್ನು ಮೊದಲು ನೋಡಿದವರು ಅವಳ ತಂದೆ ಗುಲಾಮ್ ರಸೂಲ್. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆರ್.ಟಿ. ನಗರದ ಮನೆಯ ಜಗಲಿಯಲ್ಲಿ ಕೂತು ಪೇಪರ್ ಬಿಡಿಸಿದರು. ಮಗಳ ಹೆಸರು ಕಂಡು ಮುಖ ಅರಳಿತು. ಆಮೇಲೆ ಹೆಸರಿನ ಮೇಲಿದ್ದ ತಲೆಬರಹ ಓದಿದರು. ಎದ್ದು ಒಳಗೆ ಬಂದು, ಒಲೆಯ ಮುಂದಿದ್ದ ಮಗಳ ಕೈಗೆ ಪೇಪರ್ ಕೊಟ್ಟರು.

“ಇದು ನೀನು ಬರೆದದ್ದಾ, ಬೇಟಿ?”

‘ಅಲ್ಲಾಳಸಂದ್ರ ಕೆರೆಯಂಗಳದಲ್ಲಿ ವಿದೇಶಿ ನುಸುಳುಕೋರರು?’ ಎಂದಿತ್ತು ತಲೆಬರಹ. ಕೊನೆಗೊಂದು ಪ್ರಶ್ನೆಚಿಹ್ನೆ. ಕೆಳಗೆ ‘ಕುಲ್ಸುಮ್ ಬಾನು ಅವರಿಂದ’.

ಕುಲ್ಸುಮ್ ನಿಂತಲ್ಲೇ ಓದಿದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಬರೆದದ್ದು ಭಿವಂಡಿಯಿಂದ ಓಡಿಬಂದ ನೇಕಾರರ ಕತೆ. ಆ ವರ್ಷ, ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಅಲ್ಲಿ ಗಲಭೆಯಾಗಿ ಮನೆ, ಮಗ್ಗ ಎಲ್ಲ ಸುಟ್ಟುಹೋದ ಕೆಲವು ಕುಟುಂಬಗಳು, ಯಲಹಂಕದಲ್ಲಿ ಪವರ್‌ಲೂಮ್ ಕೆಲಸ ಸಿಗುತ್ತದೆಂದು ಕೇಳಿ ರೈಲು ಹತ್ತಿ ಬಂದಿದ್ದವು. ಅಲ್ಲಾಳಸಂದ್ರ ಕೆರೆಯ ಪಕ್ಕ, ಚಿಕ್ಕಬೈರಪ್ಪ ಎಂಬ ಮುದುಕ ಬೀಳು ಬಿಟ್ಟಿದ್ದ ರಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಕುಡಿಯುವ ನೀರಿಗೆ ಹೆಂಗಸರು ರೈಲ್ವೆ ಗೇಟಿನ ಆಚೆಯವರೆಗೆ ನಡೆಯಬೇಕಿತ್ತು. ಪುರಸಭೆ ಒಂದು ನಲ್ಲಿ ಹಾಕಿಸಲಿ ಎನ್ನುವುದು ಅವಳ ವರದಿಯ ಸಾರ.

ಅಚ್ಚಾದದ್ದರಲ್ಲಿ ಭಿವಂಡಿ ಎಂಬ ಪದವೇ ಇರಲಿಲ್ಲ. ‘ಉತ್ತರದ ಕಡೆಯಿಂದ ಬಂದವರೆಂದು ಹೇಳಿಕೊಳ್ಳುವ ಇವರು ಗಡಿಯಾಚೆಯವರೆಂದು ಸ್ಥಳೀಯರ ಶಂಕೆ’ ಎಂದಿತ್ತು. ಆ ಸ್ಥಳೀಯರು ಯಾರೆಂದು ಇರಲಿಲ್ಲ. ಕೊನೆಯಲ್ಲಿ, ಪುರಸಭೆ ಸದಸ್ಯ ಬ್ಯಾಟರಾಯಪ್ಪನವರು ಕೆರೆಯಂಗಳ ತೆರವಿಗೆ ಒತ್ತಾಯಿಸಿದ್ದಾರೆ ಎಂಬ ಎರಡು ಸಾಲು. ಕುಲ್ಸುಮ್ ಆ ಮನುಷ್ಯನ ಜೊತೆ ಮಾತೇ ಆಡಿರಲಿಲ್ಲ.

“ನಾನಲ್ಲ, ಅಬ್ಬಾ,” ಅಂದಳು.

ಅವಳು ಪತ್ರಿಕೆಗೆ ಸೇರಿದ ದಿನವೇ ಸುದ್ದಿ ಸಂಪಾದಕ ಮುನಿಕೃಷ್ಣಪ್ಪ ಕೆಲಸ ಹಂಚಿದ್ದರು. “ನಿಮ್ಮೋರ ಸುದ್ದಿ ನೀವೇ ನೋಡ್ಕೊಳ್ಳಮ್ಮ. ನಮಗೆ ಆ ಗಲ್ಲಿಗಳಲ್ಲಿ ಯಾರೂ ಬಾಯಿ ಬಿಡಲ್ಲ.” ಅವಳು ಕನ್ನಡ ಎಂ.ಎ. ಮಾಡಿದ್ದಳು, ಹಳಗನ್ನಡ ಓದಿದ್ದಳು, ಆಫೀಸಿನಲ್ಲಿ ಅರ್ಧ ಜನಕ್ಕೆ ಕಾಗುಣಿತ ತಿದ್ದುತ್ತಿದ್ದಳು. ಆದರೂ ಅವಳಿಗೆ ಸಿಕ್ಕಿದ್ದು ರಂಜಾನ್ ಚಂದ್ರ, ಹಜ್ ಯಾತ್ರಿಕರ ಬೀಳ್ಕೊಡುಗೆ, ಬಕ್ರೀದಿಗೆ ಕುರಿಯ ರೇಟು. ಮೊದಲು ಒಳಗೊಳಗೇ ಕುದಿದಳು. ಆಮೇಲೆ, ತನಗೆ ಕೊಟ್ಟ ಗಲ್ಲಿಗಳಲ್ಲಿ ತಾನೇ ದಾರಿ ಮಾಡಿಕೊಂಡಳು. ಹೆಬ್ಬಾಳದಲ್ಲಿ ಟೀ ಅಂಗಡಿ ಇಟ್ಟ ಮಲಬಾರಿನವರು, ಯಶವಂತಪುರ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಗುಲ್ಬರ್ಗಾದವರು, ಬಿಹಾರದಿಂದ ಬಂದು ಸಾಲಾಗಿ ಮಲಗುವ ದರ್ಜಿಗಳು, ಇವರೆಲ್ಲ ಹೇಗೆ ಬಂದರು, ಏನು ಬಿಟ್ಟು ಬಂದರು, ಇಲ್ಲಿ ಯಾರು ಅವರಿಗೆ ಮನೆ ಕೊಟ್ಟರು, ಯಾರು ಕೊಡಲಿಲ್ಲ ಎಂದು ಬರೆಯತೊಡಗಿದಳು. ಅವಳು ಬರೆದದ್ದರಲ್ಲಿ ಮುಕ್ಕಾಲು ಪಾಲು ಕಸದ ಬುಟ್ಟಿಗೆ ಹೋಯಿತು. ಉಳಿದದ್ದು ‘ನಮ್ಮ ಪ್ರತಿನಿಧಿಯಿಂದ’ ಎಂದು ಒಳಪುಟದ ಮೂಲೆಯಲ್ಲಿ ಬಂತು. ಹೆಸರು ಹಾಕಿ ಎಂದು ಎಷ್ಟು ಸಲ ಕೇಳಿದರೂ ಮುನಿಕೃಷ್ಣಪ್ಪ ನಗುತ್ತಿದ್ದರು: “ಹೆಸರೇನು ಓಡಿಹೋಗುತ್ತಾ? ಬರುತ್ತೆ, ಬರುತ್ತೆ.”

ಬಂದದ್ದು ಹೀಗೆ.

ಕುಲ್ಸುಮ್ ಸಿಕ್ಕ ಮೊದಲ ಬಸ್ಸಿಗೇ ಅಲ್ಲಾಳಸಂದ್ರಕ್ಕೆ ಹೋದಳು. ಗುಡಿಸಲುಗಳ ಹತ್ತಿರ ಗಂಡಸರೇ ಇರಲಿಲ್ಲ. ಅವಳು ಬರುವ ಮೊದಲೇ ಪೊಲೀಸ್ ವ್ಯಾನ್ ಬಂದು, ಕೈಗೆ ಸಿಕ್ಕ ಯುವಕರನ್ನೆಲ್ಲ ತುಂಬಿಕೊಂಡು ಹೋಗಿತ್ತು. ಉಳಿದವರು ತೋಪುಗಳ ಕಡೆ ಓಡಿದ್ದರು. ಮೆಹಬೂಬ್ ಬೀ ತನ್ನ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಹೋದ ವಾರ ಕುಲ್ಸುಮ್ ಇಡೀ ಮಧ್ಯಾಹ್ನ ಕೂತು ಮಾತಾಡಿಸಿದ್ದು ಈಕೆಯನ್ನೇ. ಗಂಡ ಭಿವಂಡಿಯಲ್ಲಿ ಸತ್ತಿದ್ದ. ಒಬ್ಬನೇ ಮಗ ವಾಜಿದ್, ಯಲಹಂಕದ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಅವನನ್ನೂ ಎಳೆದುಕೊಂಡು ಹೋಗಿದ್ದರು.

“ಕನ್ನಡ ಪೇಪರಲ್ಲಿ ನಮ್ಮ ಸುದ್ದಿ ಬಂದಿದೆಯಂತೆ,” ಅಂದಳು ಮೆಹಬೂಬ್ ಬೀ ಉರ್ದುವಿನಲ್ಲಿ. “ಪೊಲೀಸಿನವನು ತೋರಿಸಿದ. ನನಗೆ ಓದೋಕೆ ಬರಲ್ಲ. ಏನು ಬರೆದೆ, ಓದಿ ಹೇಳು.”

ಕುಲ್ಸುಮ್ ಚೀಲದಿಂದ ಪೇಪರ್ ತೆಗೆದು, ಸಾಲು ಸಾಲಾಗಿ ತನ್ನ ದಖನಿ ಉರ್ದುವಿನಲ್ಲಿ ಹೇಳಿದಳು, ಏನನ್ನೂ ಬಿಡದೆ. ಮುಗಿದ ಮೇಲೆ, “ನಾನು ಬರೆದದ್ದು ಇದಲ್ಲ, ಖಾಲಾ. ಆಫೀಸಿನಲ್ಲಿ ಬದಲಾಯಿಸಿದ್ದಾರೆ,” ಅಂದಳು.

“ಹೆಸರು ನಿನ್ನದೇ ಅಲ್ಲವಾ?”

“ನನ್ನದೇ.”

ಮೆಹಬೂಬ್ ಬೀ ಬಯ್ಯಲಿಲ್ಲ, ಅಳಲೂ ಇಲ್ಲ. ಎದ್ದು ಒಳಗೆ ಹೋಗಿ ಬಾಗಿಲಿಗೆ ಗೋಣಿತಾಟು ಎಳೆದುಕೊಂಡಳು. ಅದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಕುಲ್ಸುಮ್‌ಗೆ.

ಅಲ್ಲಿಂದ ಅವಳು ನೇರ ಠಾಣೆಗೆ ಹೋದಳು. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿ ಕೂರಿಸಿದ, ಕಾಫಿ ತರಿಸಿದ. ಮೇಜಿನ ಗಾಜಿನ ಮೇಲೆ ಅದೇ ಪೇಪರ್ ಬಿದ್ದಿತ್ತು. ಒಳಗಿನ ಕೋಣೆಯಿಂದ ಯಾರೋ ನರಳುವ ದನಿ ಕೇಳುತ್ತಿತ್ತು.

“ಅವರು ಭಿವಂಡಿಯವರು. ಮಹಾರಾಷ್ಟ್ರ. ಈ ದೇಶದವರೇ. ಬಿಟ್ಟುಬಿಡಿ,” ಅಂದಳು.

“ಏನ್ ಮೇಡಂ ನೀವು, ಬೆಳಿಗ್ಗೆ ಒಂದು ಬರೀತೀರಿ, ಮಧ್ಯಾಹ್ನ ಒಂದು ಹೇಳ್ತೀರಿ.” ಅವನು ಪೇಪರ್ ಮೇಲೆ ಬೆರಳಿಟ್ಟ. “ಬೇರೆ ಯಾರಾದ್ರೂ ಬರ್ದಿದ್ರೆ ನಾವು ಇಷ್ಟು ಸೀರಿಯಸ್ಸಾಗಿ ತಗೋತಾನೇ ಇರ್ಲಿಲ್ಲ. ಸಾಬರ ಹುಡುಗೀನೇ ಬರ್ದಿದಾಳೆ ಅಂದ್ಮೇಲೆ ಸುಳ್ಳಾಗುತ್ತಾ? ಮೇಲಿನೋರೂ ಅದನ್ನೇ ಕೇಳಿದ್ರು.”

ಕುಲ್ಸುಮ್‌ಗೆ ಆಗ ಅರ್ಥವಾಯಿತು. ಆರು ವರ್ಷ ಯಾಕೆ ಹೆಸರು ಬರಲಿಲ್ಲ, ಈಗ ಯಾಕೆ ಬಂತು. ಕಾಫಿ ಲೋಟವನ್ನು ಮುಟ್ಟದೆ ಎದ್ದಳು. ತನ್ನನ್ನೇ ಚಾಕು ಮಾಡಿಕೊಂಡು ಆ ನೇಕಾರರನ್ನು ಇರಿದಿದ್ದರು, ಅದೂ ಹಿಡಿ ಹಿಡಿದವನ ಕೈ ಕಾಣದ ಹಾಗೆ.

ಆಫೀಸಿನಲ್ಲಿ ಮುನಿಕೃಷ್ಣಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

“ತಿದ್ದುಪಡಿ ಹಾಕಿ, ಸರ್. ನಾಳೆ, ಮುಖಪುಟದಲ್ಲಿ.”

“ಕೂತ್ಕೊಳ್ಳಮ್ಮ. ಮುಖಪುಟದಲ್ಲಿ ಹೆಸರು ಬಂದಿದೆ, ಸ್ವೀಟ್ ಕೊಡ್ಸೋದು ಬಿಟ್ಟು ಜಗಳಕ್ಕೆ ಬಂದಿದ್ದೀಯ.”

“ನಾನು ಬರೀದೇ ಇರೋದಕ್ಕೆ ನನ್ನ ಹೆಸರು ಯಾಕೆ ಹಾಕಿದ್ರಿ?”

“ಎಡಿಟ್ ಮಾಡೋದು ನಮ್ಮ ಕೆಲಸ. ಕೊನೇಲಿ ಪ್ರಶ್ನೆಚಿಹ್ನೆ ಹಾಕಿದೀವಲ್ಲ.”

“ಆ ಪ್ರಶ್ನೆಚಿಹ್ನೆಗೇ ಅಲ್ಲಿ ಹುಡುಗರನ್ನ ಬಡೀತಿದಾರೆ, ಸರ್. ಬ್ಯಾಟರಾಯಪ್ಪನ ಮಾತು ಎಲ್ಲಿಂದ ಬಂತು? ನಾನು ಅವನ್ನ ನೋಡೇ ಇಲ್ಲ.”

ಮುನಿಕೃಷ್ಣಪ್ಪನ ಮುಖದ ನಗು ಮಾಯವಾಯಿತು. “ಅವರು ನಂಗೆ ಪರಿಚಯ. ಫೋನ್ ಮಾಡಿದ್ರು, ಸೇರಿಸ್ದೆ. ನೋಡು ಕುಲ್ಸುಮ್, ನಿಮ್ಮೋರು ಅಂದ ತಕ್ಷಣ ನಿಂಗೆ ತಲೆ ಕೆಡುತ್ತೆ. ಇದಕ್ಕೇ ಹೇಳೋದು, ವರದಿಗಾರರು ದೂರ ನಿಂತು ನೋಡ್ಬೇಕು ಅಂತ.”

“ನಿಮ್ಮೋರು ಅಂತ ಕಳಿಸಿದ್ದು ನೀವು.”

ಅವರು ಎಲೆಯನ್ನು ದವಡೆಗೆ ಸರಿಸಿ ಮೇಜಿನ ಮೇಲಿದ್ದ ಪ್ರೂಫ್ ಎಳೆದುಕೊಂಡರು. ತಿದ್ದುಪಡಿ ಬರಲಿಲ್ಲ.

ಎರಡು ದಿನ ಬಿಟ್ಟು ಬ್ಯಾಟರಾಯಪ್ಪ ಯಲಹಂಕದ ಒಂದು ಛತ್ರದಲ್ಲಿ ಪತ್ರಿಕಾಗೋಷ್ಠಿ ಕರೆದ. ಆಫೀಸಿನಿಂದ ಬೇರೊಬ್ಬರನ್ನು ಕಳಿಸಿದ್ದರು. ಕುಲ್ಸುಮ್ ಹೇಳದೆ ಕೇಳದೆ ತಾನೇ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಎಲ್ಲರಿಗೂ ಉದ್ದಿನ ವಡೆ, ಕಾಫಿ. ಬಿಳಿ ಸಫಾರಿ ತೊಟ್ಟ ಬ್ಯಾಟರಾಯಪ್ಪ, ಕೆರೆ ಉಳಿಸಬೇಕು, ದೇಶ ಉಳಿಸಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಪಕ್ಕದಲ್ಲಿ ಮುದುಕ ಚಿಕ್ಕಬೈರಪ್ಪನನ್ನು ಕೂರಿಸಿದ್ದ. ಭೂಮಿ ಕಳೆದುಕೊಂಡ ಬಡ ರೈತ ಎಂದು ಪರಿಚಯ ಮಾಡಿದ. ಆಮೇಲೆ ಕುಲ್ಸುಮ್ ಕಡೆ ಕೈ ತೋರಿಸಿ, “ನಮ್ಮ ಸೋದರಿ ಧೈರ್ಯವಾಗಿ ಬರ್ದಿದಾರೆ. ಅವರ ಜನಾಂಗದವರೇ ಒಪ್ಕೊಂಡ ಮೇಲೆ ಇನ್ನೇನು ಸಾಕ್ಷಿ ಬೇಕು?” ಅಂದ.

ಕುಲ್ಸುಮ್ ಎದ್ದು ನಿಂತಳು. ಕೂಗಾಡಲಿಲ್ಲ. ಸಿಟ್ಟು ಎಷ್ಟಿತ್ತೆಂದರೆ ದನಿ ತಣ್ಣಗಾಗಿಬಿಟ್ಟಿತ್ತು.

“ಆ ವರದಿ ನಾನು ಬರೆದದ್ದಲ್ಲ. ನಾನು ಬರೆದದ್ದನ್ನ ಕಿತ್ತುಹಾಕಿ, ಇವರು ಫೋನಲ್ಲಿ ಹೇಳಿದ್ದನ್ನ ನನ್ನ ಹೆಸರಲ್ಲಿ ಹಾಕಿದಾರೆ. ಆ ಜನ ಭಿವಂಡಿಯವರು. ಇಲ್ಲಿರೋ ಎಲ್ಲ ವರದಿಗಾರರೂ ಇದನ್ನ ಬರ್ಕೊಳ್ಳಿ.” ನಂತರ ಮುದುಕನ ಕಡೆ ತಿರುಗಿದಳು. “ಬೈರಪ್ಪನೋರೇ, ಆ ಹೊಲ ಯಾರದ್ದು? ಅವರನ್ನ ಅಲ್ಲಿ ಇರ್ಸಿದ್ದು ಯಾರು?”

ಚಿಕ್ಕಬೈರಪ್ಪ ಬ್ಯಾಟರಾಯಪ್ಪನ ಮುಖ ನೋಡಿದ. ಹಿಂದೆ ನಿಂತಿದ್ದ ತನ್ನ ಮಕ್ಕಳ ಮುಖ ನೋಡಿದ. “ಒಲ ನಂದೇಯ. ಮಳೇಲಿ ನೆನೀತಾ ಬಂದ್ರು, ಇರ್ಲಿ ಅಂತ ನಾನೇ ಬುಟ್ಟಿದ್ದೆ ಕಣವ್ವಾ. ಈಗ ನನ್ ಉಡುಗ್ರು ಇವ್ರಿಗೇ ಯಾಪಾರ ಮಾಡವ್ರೆ, ಲೇಔಟ್ ಮಾಡ್ತಾರಂತೆ. ನಾನೇನ್ಮಾಡ್ಲಿ?”

ಸಭೆಯಲ್ಲಿ ಗುಸುಗುಸು ಎದ್ದಿತು. ಹಿರಿಯ ಮಗ ಅಪ್ಪನ ರಟ್ಟೆ ಹಿಡಿದು ಹೊರಗೆ ನಡೆಸಿಕೊಂಡು ಹೋದ. ಯಾರೋ ಕುಲ್ಸುಮ್‌ಳನ್ನು ಕೂರಲು ಹೇಳಿದರು. ಅವಳು ಕೂರಲಿಲ್ಲ, ನಡೆದು ಹೊರಗೆ ಬಂದಳು.

ಮರುದಿನ ಬೇರೆ ಎರಡು ಪತ್ರಿಕೆಗಳಲ್ಲಿ ಈ ಮಾತು ಬಂತು. ಸಂಜೆಗೆ ಠಾಣೆಯವರು ಎಲ್ಲರನ್ನೂ ಬಿಟ್ಟರು. ಕೇಸೂ ಇಲ್ಲ, ಕ್ಷಮೆಯೂ ಇಲ್ಲ. ವಾಜಿದ್‌ನ ಎಡಗಿವಿಯಿಂದ ರಕ್ತ ಸೋರುತ್ತಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ತಿಂಗಳು ತುಂಬುವ ಮೊದಲು ಗುಡಿಸಲುಗಳನ್ನು ಕಿತ್ತರು. ಕೆರೆ ಉಳಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಹೊಲದ ಜೊತೆ ಕೆರೆಯಂಚಿಗೂ ಮಣ್ಣು ತುಂಬಿ ಬ್ಯಾಟರಾಯಪ್ಪ ಸೈಟಿನ ಕಲ್ಲು ನೆಡಿಸಿದ. ಭಿವಂಡಿಯವರು ಕೆಲವರು ಬಾಗಲೂರಿನ ಕಡೆ ಹೋದರು, ಕೆಲವರು ಹುಣಸಮಾರನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದರು.

ಶಿಸ್ತು ಮೀರಿದ್ದಕ್ಕೆ ಕುಲ್ಸುಮ್‌ಳನ್ನು ಕೆಲಸದಿಂದ ತೆಗೆದರು. ಮುನಿಕೃಷ್ಣಪ್ಪ, “ನಿಂಗೆ ಒಳ್ಳೇ ಭವಿಷ್ಯ ಇತ್ತು,” ಅಂದರು. “ನನ್ನ ಭವಿಷ್ಯದ ಮಾತು ನಿಮ್ಮ ಬಾಯಲ್ಲಿ ಬೇಡ, ಸರ್,” ಎಂದು ಹೇಳಿ ಮೆಟ್ಟಿಲಿಳಿದಳು. ಕೆಲವು ತಿಂಗಳು ಮನೆಯಲ್ಲಿ ಕೂತಳು. ಆಮೇಲೆ ಇನ್ನೊಂದು ಪತ್ರಿಕೆಯವರು ಕರೆದರು. ಅಲ್ಲಿನ ಸಂಪಾದಕರು ಒಳ್ಳೆಯ ಮನುಷ್ಯ. “ಮುಸ್ಲಿಂ ಬಡಾವಣೆಗಳನ್ನ ನೀವೇ ನೋಡ್ಕೊಂಡ್ರೆ ಚೆನ್ನಾಗಿರುತ್ತೆ,” ಅಂದರು.

“ಯಲಹಂಕ, ಹೆಬ್ಬಾಳ ಪೂರ್ತಿ ಕೊಡಿ,” ಅಂದಳು. “ಪುರಸಭೆ, ಪೊಲೀಸು, ಜಮೀನು ವ್ಯವಹಾರ, ಎಲ್ಲ. ನಮ್ಮೋರನ್ನ ಯಾರು ಏನು ಮಾಡ್ತಿದಾರೆ ಅಂತ ಗೊತ್ತಾಗ್ಬೇಕಾದ್ರೆ ಅಲ್ಲೇ ಹೋಗ್ಬೇಕು.”

ಅವರು ಒಪ್ಪಿದರು.

ಮೊದಲು ಹೋದದ್ದು ಹುಣಸಮಾರನಹಳ್ಳಿಗೆ. ಮೆಹಬೂಬ್ ಬೀ ಬಾಗಿಲು ತೆರೆದು, ಟೀ ಇಟ್ಟಳು. ವಾಜಿದ್ ಮಂಚದ ಮೇಲೆ ಕೂತಿದ್ದ. ಕುಲ್ಸುಮ್ ಎಡಗಡೆಯಿಂದ ಮಾತಾಡಿಸಿದಾಗ ಅವನಿಗೆ ಕೇಳಿಸಲಿಲ್ಲ. ಬಲಕ್ಕೆ ಸರಿದು ಕೂತಳು.

“ಠಾಣೆಯಲ್ಲಿ ಏನು ಮಾಡಿದರೆಂದು ಬರೀಬೇಕು,” ಅಂದಳು. “ಅಚ್ಚಿಗೆ ಹೋಗೋ ಮೊದಲು ನಿನಗೆ ಓದಿ ಹೇಳ್ತೀನಿ. ಒಂದಕ್ಷರ ಬದಲಾದ್ರೂ ವಾಪಸ್ ತಗೋತೀನಿ.”

“ಹೋದ ಸಲಾನೂ ಅಮ್ಮೀಗೆ ಒಳ್ಳೇದೇ ಬರೀತೀನಿ ಅಂದಿದ್ರಿ.”

“ಅಂದಿದ್ದೆ.”

ಅವನು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟ.

“ಹೊಡೆದವನ ಹೆಸರು ನನಗೆ ಗೊತ್ತು. ಅದನ್ನ ಹಾಕ್ತಾರಾ ನಿಮ್ಮ ಪೇಪರಲ್ಲಿ?”

“ಹಾಕಿಸ್ತೀನಿ.”

“ಹಾಕದೇ ಇದ್ರೆ?”

“ಹಾಕೋ ಪೇಪರ್ ಸಿಗೋವರೆಗೂ ಅಲೀತೀನಿ,” ಅಂದಳು ಕುಲ್ಸುಮ್. “ಹೇಳು.”

ವಾಜಿದ್ ಹೇಳತೊಡಗಿದ.