ಕೀಲಿನಲ್ಲಿ ಸಿಕ್ಕ ದಾರ

ಒಡವೆಯಿಂದ ಉದುರಿದ್ದು ಏನೇ ಆಗಿರಲಿ, ಪೊಟ್ಟಣ ಕಟ್ಟಿ ಒಡವೆಯ ಜೊತೆಗೇ ಕೊಡಬೇಕು. ಸೋದರಮಾವನ ಅಂಗಡಿಯಲ್ಲಿ ಅದು ಕಟ್ಟುನಿಟ್ಟು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ರಿಪೇರಿ ಕಲಿತೆ. ಕೌಂಟರಿನಲ್ಲಿ ನಿಂತು ಮಾತಾಡುವುದು ತಂಗಿಯ ಕೆಲಸ, ಪರದೆಯ ಹಿಂದೆ ಕೂರುವುದು ನನ್ನದು.

ಆ ನಿಯಮವನ್ನು ನಾನು ಮುರಿದದ್ದು ಒಬ್ಬರ ವಿಷಯದಲ್ಲಿ ಮಾತ್ರ. ತಂಗಿ ಅವರಿಗೆ ಕಿನ್ನರಿಯಮ್ಮ ಎಂದು ಹೆಸರಿಟ್ಟಿದ್ದಳು. ಹಳೆಯ ಕಾಲದ ಬ್ರೂಚುಗಳನ್ನು ಕೂಡಿಡುತ್ತಿದ್ದರು, ಅದೂ ರೆಕ್ಕೆಯ ಕಿನ್ನರಿಯರದ್ದೇ. ಹೂವಿನ ಮೇಲೆ ಕೂತವಳು, ಅರ್ಧಚಂದ್ರಕ್ಕೆ ಜೋತುಬಿದ್ದವಳು. ಪ್ರತಿ ಸಲವೂ ಒಂದೇ ದೂರು: ಹಿಂದಿನ ಸೂಜಿ ಬಾಗಿದೆ.

ಸೂಜಿ ತಾನಾಗಿ ಹಾಗೆ ಬಾಗುವುದಿಲ್ಲ. ಬಟ್ಟೆಗೆ ಚುಚ್ಚಿದ್ದನ್ನು ಜಗ್ಗಿ ಕಿತ್ತರೆ ಬಾಗುತ್ತದೆ. ಕೀಲಿನ ಸಂದಿಯಲ್ಲಿ ಪ್ರತಿ ಸಲ ಒಂದು ಎಳೆ ದಾರ ಸಿಕ್ಕಿಕೊಂಡಿರುತ್ತಿತ್ತು. ಬ್ರೂಚಿಗೆ ನೂರು ವರ್ಷ, ದಾರ ಮಾತ್ರ ಹೊಚ್ಚ ಹೊಸದು. ಹಸಿರು, ಬಿಳಿ, ಹಳದಿ. ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ಕಳೆದ ವಾರ ಸಿಕ್ಕ ನಾಲ್ಕನೆಯದು ಕೆಂಪು ಉಣ್ಣೆ, ನಡುವೆ ಬೆಳ್ಳಿಯ ಮಿಂಚು. ಆ ಸ್ವೆಟರನ್ನು ನಾನು ಕಂಡಿದ್ದೆ, ಹಿಂದಿನ ಸಲ ಅವರ ಕೈಚೀಲ ಹಿಡಿದು ಬಂದಿದ್ದ ಹುಡುಗಿಯ ಮೈಮೇಲೆ. ಇದೇ ಬ್ರೂಚು ಅವಳ ಎದೆಯಲ್ಲಿತ್ತು.

"ಆ ಹುಡುಗಿ ಎಲ್ಲಿ?" ಕಳೆದ ವಾರ ಅವರು ಒಬ್ಬರೇ ಬಂದಾಗ ತಂಗಿ ಕೇಳಿದ್ದಳು.

"ಹೊರಟುಹೋದ್ಲು. ಈಗಿನವರು ಒಂದು ಕಡೆ ನಿಲ್ತಾರಾ? ಇದು ಸರಿಯಾದ ಮೇಲೆ ನಿನಗೇ ಚುಚ್ತೀನಿ ಪುಟ್ಟಿ, ನಮ್ಮನೇಗೆ ಕೆಲಸಕ್ಕೆ ಬಂದ್ಬಿಡು."

ಮಾವ ಹೂಂ ಅಂದೇಬಿಟ್ಟರು. ವಾರವಿಡೀ ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಕೊನೆಗೆ ಹಳೆಯ ಸೂಜಿ ತೆಗೆದು ಗಟ್ಟಿ ಉಕ್ಕಿನದು ಹಾಕಿದೆ. ತುದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಮಸೆದೆ.

ಇಂದು ಕಿನ್ನರಿಯಮ್ಮ ಬಂದು ಬ್ರೂಚನ್ನು ತಂಗಿಯ ಕಾಲರಿಗೆ ಚುಚ್ಚಿದರು.

"ನಿನ್ನ ಅದೃಷ್ಟ ಖುಲಾಯಿಸ್ತು ಕಣೇ," ಎಂದರು ಮಾವ. "ನಮ್ಮ ಗಿರಾಕಿಗಳ ತಲೆ ತಿಂದಿದ್ದು ಸಾಕು."

"ನಾನು ಹೋದ್ರೆ ಇಲ್ಲಿ ಮಾತಾಡೋರು ಯಾರು ಮಾವ? ಅಕ್ಕನ ಬಾಯಿಗೆ ನೀವೇ ಬೆಸುಗೆ ಹಾಕಿದೀರಲ್ಲ!"

ನಾನು ಪರದೆ ಸರಿಸಿ ಹೊರಗೆ ಬಂದೆ. "ಅವಳು ಬರಲ್ಲ."

ಎಲ್ಲರೂ ತಿರುಗಿದರು. ಮಾವನ ಮುಖ ಕೆಂಪಾಯಿತು. ಆಮೇಲೆ ಏನೋ ನೆನಪಾದಂತೆ ಡ್ರಾಯರ್ ಎಳೆದು ನನ್ನ ಬೆಂಕಿಪೊಟ್ಟಣ ತೆಗೆದರು.

"ಇವಳ ಮೇಜು ಒರೆಸುವಾಗ ಸಿಕ್ತು. ಮೇಲೆ ಕಿನ್ನರಿಯಮ್ಮ ಅಂತ ಬರೆದಿದಾಳೆ. ತಪ್ಪಾಯ್ತಮ್ಮ, ನಿಮ್ಮ ಬ್ರೂಚುಗಳಿಂದ ಉದುರಿದ್ದು. ನಾವು ಗಿರಾಕಿಯ ಕಸಾನೂ ಇಟ್ಕೊಳ್ಳೋರಲ್ಲ."

ಕಿನ್ನರಿಯಮ್ಮ ನಾಲ್ಕೂ ಎಳೆಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ಹಸಿರು, ಬಿಳಿ, ಹಳದಿ, ಕೆಂಪು. ನನಗೆ ಸಿಕ್ಕ ಅದೇ ಕ್ರಮ. ನಾನು ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ಮೊದಲ ಸಲ ನನ್ನನ್ನು ದಿಟ್ಟಿಸಿ ನೋಡಿದರು.

"ಎಷ್ಟು ಜೋಪಾನ ಮಾಡಿದೀಯಮ್ಮ. ಯಾರಿಗೂ ಹೇಳಿಲ್ಲ, ಅಲ್ವಾ?"

ನನ್ನ ಕಣ್ಣು ತಂಗಿಯ ಕಡೆ ಹೋಯಿತು. ಅದೇ ಉತ್ತರವಾಯಿತು.

"ಇವಳು ಬಾಯಿಬಡುಕಿ. ನೀನೇ ಬಾ." ತಂಗಿಯ ಕಾಲರಿನಿಂದ ಬ್ರೂಚು ಬಿಡಿಸಿಕೊಂಡರು. ತಂಗಿ ಮುಖ ಊದಿಸಿಕೊಂಡಳು. ನಾನು ಒಲ್ಲೆ ಎಂದರೆ ಅದು ಮತ್ತೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

"ಬರ್ತೀನಿ," ಎಂದೆ.

ಅವರು ಚುಚ್ಚಲು ಬಂದಾಗ ನಾನೇ ಕೈಗೆ ತೆಗೆದುಕೊಂಡು ಎದೆಗೆ ಚುಚ್ಚಿಕೊಂಡೆ. ಕೊಕ್ಕೆಯನ್ನು ಮಾತ್ರ ಹಾಕಲಿಲ್ಲ; ಮಸೆದ ಸೂಜಿ ಒಂದೇ ಎಳೆತಕ್ಕೆ ಕೈಗೆ ಬರಬೇಕಿತ್ತು.