ಹಸಿ ಅಂಟು

ಕರಣೆಯ ಮೊನೆ ಕಣ್ಣಿನ ಕೆಳಗೆ ಹೊಕ್ಕಿತು. ತಮ್ಮನು ಮೊಣಕೈಯ ಬಲ ಹಾಕಿ ಎಳೆದ. ಕೆನ್ನೆಯುದ್ದಕ್ಕೂ ಸೀಳಿದ ಕಾಗದ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಅದರಡಿಯಲ್ಲಿ ಇನ್ನೊಂದು ಕಣ್ಣಿತ್ತು. ಇದು ಇನ್ನೂ ದೊಡ್ಡದು, ಕಾಡಿಗೆ ತೀಡಿದ್ದು, ಅವನನ್ನೇ ನೋಡುತ್ತಿತ್ತು.

"ಇದೇನು ಗೋಡೆಯೋ ಈರುಳ್ಳಿಯೋ," ಎಂದು ಅವನು ಹಲ್ಲು ಕಡಿದ.

"ಮೆಲ್ಲಗೆ ಕಣೋ, ಹೆಣ ಒಳಗಿದೆ," ಎಂದಳು ಸೋದರತ್ತೆ ಕುರ್ಚಿಯಿಂದ ಏಳದೆ. "ಸತ್ತೋರಿಗೂ ಕಿವಿ ಇರುತ್ತೆ."

"ಕಿವೀನೂ ಇಲ್ಲೇ ಅಂಟಿಸಿದಾನೆ ನೋಡಿ. ನಾಲ್ಕು."

ಒಳಕೋಣೆಯಲ್ಲಿ ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಅಕ್ಕ ಮಲಗಿದ್ದಳು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡವಳು, ಮೀಸೆ ಮೂಡುವ ವಯಸ್ಸಿಗೆ ಮನೆ ಬಿಟ್ಟವಳು, ತಲೆ ನರೆಯುವ ತನಕ ಊರಿನ ಗೋಡೆಗಳಿಗೆ ಸಿನೆಮಾ ಪೋಸ್ಟರ್ ಅಂಟಿಸಿ ಬದುಕಿದವಳು. ಬೀದಿಗೆಲ್ಲ ಅವಳು ಅಕ್ಕ. ಅಣ್ಣ ಎನ್ನುತ್ತಿದ್ದವನು ಈ ತಮ್ಮ ಒಬ್ಬನೇ. ಅವಳನ್ನು ಈ ವಾರ ಬೀದಿಯಲ್ಲಿ ಹೊಡೆದು ಕೊಂದಿದ್ದರು.

ಹೆಣದ ಗಾಡಿ ಬರುವ ಹೊತ್ತಿಗೆ ತಮ್ಮನ ಮಾವನೂ ಬರುವವರಿದ್ದರು. ಅವರ ಅಂಗಡಿಯಲ್ಲೇ ಅಳಿಯನಿಗೆ ಕುರ್ಚಿ, ಅವರ ಮಹಡಿಯಲ್ಲೇ ಸಂಸಾರ. ಅಳಿಯನಿಗೆ ಒಬ್ಬ ಅಣ್ಣನಿದ್ದ, ಮದುವೆಯಾಗಲಿಲ್ಲ, ಏಣಿಯಿಂದ ಬಿದ್ದು ಸತ್ತ: ಅವರಿಗೆ ಗೊತ್ತಿದ್ದದ್ದು ಇಷ್ಟು, ಇಷ್ಟೇ ಗೊತ್ತಿದ್ದುಕೊಂಡು ಅವರು ವಾಪಸ್ಸು ಹೋಗಬೇಕಿತ್ತು. ಅಷ್ಟರೊಳಗೆ ಹೆಣದ ಮೈಮೇಲೆ ಗಂಡಸಿನ ಬಟ್ಟೆ ಬರಬೇಕು, ಈ ಗೋಡೆ ಬರಿಗೋಡೆಯಾಗಬೇಕು.

ಗೋಡೆಯ ಮೇಲೆ, ನೆಲದಿಂದ ಸೂರಿನವರೆಗೆ, ಹರಿದ ಪೋಸ್ಟರ್ ಚೂರುಗಳನ್ನು ಕೂಡಿಸಿ ಮಾಡಿದ ಒಬ್ಬ ಹೆಂಗಸು ನಿಂತಿದ್ದಳು. ಹಣೆ ಯಾವುದೋ ನಾಯಕಿಯದು, ದವಡೆ ಕುಸ್ತಿಯವನದು, ಭುಜ ಸಿಮೆಂಟಿನ ಜಾಹೀರಾತಿನದು. ಎದೆಯ ಒಂದು ಕಡೆ ಹಿಮದ ಬೆಟ್ಟ, ಇನ್ನೊಂದು ಕಡೆ ಸುರಂಗದಿಂದ ಹೊರಬರುತ್ತಿರುವ ರೈಲು. ಅವಳ ಲಂಗದ ನೆರಿಗೆಗಳೊಳಗೆ ಬೀದಿಯ ಜನ. ಕಾರ್ಖಾನೆ ತೆಗೆದುಹಾಕಿದ ಕಿವುಡನ ಗುರುತಿನ ಚೀಟಿ, ಗಂಡ ಹೊರದಬ್ಬಿದ ದರ್ಜಿಯವಳ ಮದುವೆ ಫೋಟೋದಲ್ಲಿ ಅವಳಿದ್ದ ಅರ್ಧ, ಒಂದೇ ಕೊಡೆಯಡಿ ನಿಂತು ನಗುವ ಇಬ್ಬರು ಗೆಳತಿಯರು. ಯಾರನ್ನು ಎಲ್ಲಿಂದ ಆಚೆ ಹಾಕಿದರೂ ಅವರದೊಂದು ಚೂರಿಗೆ ಇಲ್ಲಿ ಜಾಗವಿತ್ತು. ಮನೆಯಲ್ಲಿ ಕನ್ನಡಿ ಇರಲಿಲ್ಲ. ಅಕ್ಕ ಈ ಗೋಡೆಯನ್ನೇ ನೋಡಿಕೊಂಡು ತಲೆ ಬಾಚುತ್ತಿದ್ದಳು. ವರ್ಷಕ್ಕೊಮ್ಮೆ ಹಳೆಯ ಮುಖದ ಮೇಲೆ ಹೊಸ ಮುಖ ಅಂಟಿಸುವಳು. ಮೂಗಿನ ಜಾಗ ಮಾತ್ರ ಯಾವಾಗಲೂ ಖಾಲಿ. "ನನ್ನ ಮೂಗಿಗೆ ಒಪ್ಪೋ ಸಿನೆಮಾ ಇನ್ನೂ ಬಂದಿಲ್ಲ," ಎಂದು ಪ್ರತಿ ಶುಕ್ರವಾರ ಹೇಳುವಳು.

ದರ್ಜಿಯವಳು ಒಳಗಿನಿಂದ ಒಂದು ಕೋಟು ಹಿಡಿದುಕೊಂಡು ಬಂದಳು. "ಇದು ಯಾರ್ದು?"

"ನಂದು. ಹಾಕಿ ಅವನಿಗೆ."

"ಬದುಕಿದ್ದಾಗ ಒಂದು ಗುಂಡಿ ಕೊಡದೋರು ಈಗ ಕೋಟು ತಂದ್ರಾ? ನಾವು ತೊಳೆದು ನೀಲಿ ಅಂಗಿ ತೊಡಿಸಿ ಆಗಿದೆ."

"ನಮ್ಮನೆ ವಿಷಯ. ನೀನ್ಯಾರು ನಡುವೆ?"

"ನಾನಾ? ಅವಳ ಅಳತೆ ಗೊತ್ತಿರೋಳು." ಅವಳು ಕೋಟಿನ ತೋಳು ಎತ್ತಿ ತೋರಿಸಿದಳು. "ಕೈ ಮುರಿದಿದೆ ಸ್ವಾಮಿ. ಕೋಟಿನ ತೋಳೊಳಗೆ ಹೋಗಲ್ಲ."

"ಇನ್ನೊಂಚೂರು ಮುರಿದು ತೂರಿಸು!"

ಹೊಸ್ತಿಲಲ್ಲಿ ಕೂತಿದ್ದ ಏಣಿ ಎದ್ದು ನಿಂತ. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಆಳು, ತಲೆಗೆ ಸುತ್ತಿದ ಪಟ್ಟಿಯಲ್ಲಿ ರಕ್ತ ಕಂದಿತ್ತು. ಅಕ್ಕನ ಜೊತೆ ಗೋಡೆಯಿಂದ ಗೋಡೆಗೆ ಏಣಿ ಹೊತ್ತು, ಅವಳ ಜೊತೆಯಲ್ಲೇ ಉಂಡು, ಅವಳ ಪಕ್ಕದಲ್ಲೇ ಮಲಗಿ, ಕೊನೆಗೆ ಹೆಸರೂ ಅದೇ ಆಗಿತ್ತು. ಅವನು ಕರಣೆಯತ್ತ ಕೈ ಚಾಚಿದ. ತಮ್ಮ ಬೀಸಿದ. ಏಣಿಯ ಅಂಗೈ ಸೀಳಿ, ರಕ್ತ ಗೋಡೆಯ ಹೆಂಗಸಿನ ಲಂಗಕ್ಕೆ ಸಿಡಿಯಿತು.

"ನೀನೇನಾಗ್ಬೇಕೋ ಅವನಿಗೆ? ಬಾಯ್ಬಿಟ್ಟು ಹೇಳೋ!"

"ಏಣಿ ಹಿಡಿಯೋನು."

"ಸರಿಯಾಗಿ ಹಿಡಿದಿದ್ರೆ ಅವನು ಬೀಳ್ತಿರಲಿಲ್ಲ."

ಏಣಿಯ ಕೈ ಕೆಳಗಿಳಿಯಿತು. ಅವನು ಮತ್ತೆ ಹೊಸ್ತಿಲ ಮೇಲೆ ಕೂತ.

* * *

ಕೆಲಸಕ್ಕೆ ಸೇರಿದ ಮೊದಲ ದಿನವೇ ಏಣಿ ಒಂದು ಎಡವಟ್ಟು ಮಾಡಿದ್ದ. ಹಳೆಯ ಪೋಸ್ಟರ್ ಬೇಗ ಬಿಡಲಿ ಎಂದು ಚಹಾದಂಗಡಿಯಿಂದ ಕುದಿನೀರು ತಂದು ಗೋಡೆಗೆ ಎರಚಿದ. ಹಿಟ್ಟಿಗೆ ಬಡಗಿಗಳ ಗೋಂದು ಬೆರೆಸಿ ಅಕ್ಕನೇ ಕಾಯಿಸಿದ ಅಂಟು ಅದು. ಬಿಸಿ ಸೋಕಿದ್ದೇ ಅಂಟು ಎಚ್ಚರಗೊಂಡು, ಒಬ್ಬ ಖಳನಾಯಕನ ಇಡೀ ಮುಖ ಜಾರಿ ಬಂದು ಏಣಿಯ ತೋಳಿಗೆ ಸುತ್ತಿಕೊಂಡಿತು. ಬಿಡಿಸುವಾಗ ತೋಳಿನ ಕೂದಲೆಲ್ಲ ಖಳನಾಯಕನ ಪಾಲಾಯಿತು, ಜೊತೆಗೆ ಒಂದಿಷ್ಟು ಚರ್ಮ. ಅಕ್ಕ ನಕ್ಕು ನಕ್ಕು ಬಕೆಟ್ಟಿನ ಮೇಲೆ ಕುಸಿದಳು.

"ಅಯ್ಯೋ ದಡ್ಡ, ತಣ್ಣೀರು ಹಾಕಿ ಕಾಯಬೇಕು. ಬಿಸಿನೀರಿಗೆ ಸತ್ತ ಅಂಟೂ ಎದ್ದು ಕೂರುತ್ತೆ. ಯಾರು ಹತ್ರ ಇರ್ತಾರೋ ಅವರನ್ನ ತಬ್ಬಿಕೊಂಡುಬಿಡುತ್ತೆ, ನನ್ನ ಹಾಗೆ."

ಆಮೇಲೆ ಏಣಿ ಬೇರೆ ಮನೆ ಹುಡುಕಲಿಲ್ಲ.

ಈ ವಾರದ ಆ ಬೆಳಗ್ಗೆ ಮುಚ್ಚಿದ ಗಿರಣಿಯ ಉದ್ದ ಗೋಡೆಗೆ ಅಕ್ಕ ಮೊದಲ ಸಲ ತನ್ನದೇ ಚಿತ್ರ ಅಂಟಿಸುತ್ತಿದ್ದಳು. ಮನೆಯ ಗೋಡೆಯವಳೇ, ಆದರೆ ಮೂರಾಳೆತ್ತರ. "ಒಳಗಿದ್ದೂ ಇದ್ದೂ ಅವಳಿಗೂ ಬೇಜಾರು. ಒಂಚೂರು ಗಾಳಿಗೆ ನಿಲ್ಲಲಿ," ಎಂದಿದ್ದಳು. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಬೈಕುಗಳು ಬಂದು ನಿಂತವು.

"ಏಯ್, ಇಳಿ ಕೆಳಗೆ. ಗಂಡೋ ಹೆಣ್ಣೋ ನೋಡೋಣ."

"ಟಿಕೆಟ್ ತಗೊಂಡಿದ್ದೀರಾ?" ಎಂದಳು ಅಕ್ಕ ಮೇಲಿನಿಂದ.

ಅವರು ನಗಲಿಲ್ಲ. ಮೊದಲ ಏಟು ಏಣಿಯ ತಲೆಗೆ ಬಿತ್ತು. ಅಕ್ಕ ನಿಂತಿದ್ದ ಏಣಿಯ ಹಿಡಿತವನ್ನು ಅವನು ಬಿಡಲಿಲ್ಲ. ಆಮೇಲಿನದು ಮಣಿಕಟ್ಟಿಗೆ, ಆಗಲೂ ಬಿಡಲಿಲ್ಲ. ಮಂಡಿಯ ಹಿಂದೆ ಕಬ್ಬಿಣ ಬಿದ್ದಾಗ ಕಾಲು ಮಡಚಿತು, ಕೈ ತಾನಾಗಿ ಬಿಚ್ಚಿತು. ಅಕ್ಕ ಬಿದ್ದ ಸದ್ದು ತುಂಬಿದ ಚೀಲ ಬಿದ್ದ ಹಾಗಿತ್ತು. ಅಂಟು ಬಳಿಯುವ ಬ್ರಷ್ಷಿನ ಹಿಡಿಕೆ ತುಂಡಾಗುವ ತನಕ ಅದರಿಂದಲೇ ಹೊಡೆದರು. ಆಮೇಲೆ ಬಕೆಟ್ಟಿನಲ್ಲಿದ್ದ ಅಂಟನ್ನು ಮುಖಕ್ಕೆ ಸುರಿದು, ಅವಳದೇ ಕಾಗದ ಮೇಲಿಟ್ಟು, ಅಂಗೈಯಿಂದ ತೀಡಿ ತೀಡಿ ಒತ್ತಿದರು. "ಈಗ ಚಂದ ಕಾಣ್ತಾಳೆ," ಎಂದ ಒಬ್ಬ. ಕಾಗದ ಒಂದೆರಡು ಸಲ ಒಳಕ್ಕೆ ಎಳೆದುಕೊಂಡಿತು, ಉಬ್ಬಿತು, ನಿಂತಿತು.

ಆಸ್ಪತ್ರೆಯಲ್ಲಿ ಆ ಕಾಗದ ಬಿಡಿಸಿದವನು ಏಣಿಯೇ. ತಣ್ಣೀರು ಹಾಕಿ ಕಾದ. ಮತ್ತೆ ಹಾಕಿದ. ಮತ್ತೆ ಕಾದ.

* * *

ಕೋಟು ಹಾಕಿಯಾಯಿತು. ದರ್ಜಿಯವಳು ಬೆನ್ನ ಕಡೆ ಕತ್ತರಿಸಿ, ಮುರಿದ ಕೈಗೆ ನೋವಾಗದಂತೆ, ಮಲಗಿದ ಮಗುವಿಗೆ ತೊಡಿಸುವ ಹಾಗೆ ತೊಡಿಸಿದಳು. ನೀಲಿ ಅಂಗಿಯನ್ನು ತೆಗೆಯಲಿಲ್ಲ; ಕೋಟನ್ನು ಅದರ ಮೇಲೆಯೇ ಹಾಕಿ, ಗುಂಡಿಗಳನ್ನು ಕತ್ತಿನವರೆಗೆ ಬಿಗಿದಳು. ಮುಚ್ಚಳಕ್ಕೆ ಮೊಳೆ ಹೊಡೆಯುವ ಸದ್ದಿನ ನಡುವೆ ಅತ್ತೆ ಮೊದಲ ಸಲ ಅತ್ತಳು.

"ಇಬ್ಬರಿಗೂ ನಮ್ಮಪ್ಪನ ಮೂಗೇ ಬಂದಿತ್ತು," ಎಂದಳು ಮೂಗು ಒರೆಸುತ್ತ. "ಅಚ್ಚು ಒತ್ತಿದ ಹಾಗೆ."

ತಮ್ಮನಿಗೆ ಕೇಳಿಸಲಿಲ್ಲ. ಮುಖದ ಮೇಲೆ ಮುಖ ಕೆರೆದು ಕೆರೆದು ಅವನು ಲಂಗದ ಬಳಿ ತೀರ ಕೆಳಗಿನ ಪದರ ಮುಟ್ಟಿದ್ದ. ಅಲ್ಲಿ ದೊಡ್ಡವಳಿರಲಿಲ್ಲ. ಮಂಡಿಯೂರಿ ಕೂತ ಒಂದು ಹುಡುಗಿ, ತಲೆಯ ಜಾಗದಲ್ಲಿ ಒಂದು ದೊಡ್ಡ ಕತ್ತರಿ. ಅವಳ ಎರಡೂ ಮಣಿಕಟ್ಟುಗಳನ್ನು ಹಿಂದಿನಿಂದ ಹಿಡಿದ ಎರಡು ಪುಟ್ಟ ಕೈಗಳು. ಮಕ್ಕಳ ಪೌಡರಿನ ಜಾಹೀರಾತಿನಿಂದ ಕತ್ತರಿಸಿದವು, ಗುಂಡಗೆ, ಗುಳಿ ಬಿದ್ದ ಬೆರಳುಗಳು.

* * *

ಅಕ್ಕ ತಮ್ಮ ಚಿಕ್ಕವರಿದ್ದಾಗ, ಮಧ್ಯಾಹ್ನ ಬಿಸಿಲೇರಿದ ಮೇಲೆ ಅಜ್ಜಿ ಇಬ್ಬರನ್ನೂ ಎರಡು ಪಕ್ಕೆಗೆ ಮಲಗಿಸಿಕೊಂಡು ಮುಖವಿಲ್ಲದ ರಾಜಕುಮಾರಿಯ ಕತೆ ಹೇಳುತ್ತಿದ್ದಳು. ರಾಜಕುಮಾರಿ ಮನೆ ಮನೆಗೆ ಹೋಗಿ ಮುಖ ಸಾಲ ಕೇಳಿದಳಂತೆ. ಕೊಳ ತನ್ನ ಎರಡು ಮೀನು ಕೊಟ್ಟಿತು, ಕಣ್ಣಾಯಿತು. ಕತ್ತಲೆ ತನ್ನ ಸೆರಗಿನ ತುದಿ ಹರಿದು ಕೊಟ್ಟಿತು, ಕೂದಲಾಯಿತು. ಸಂಜೆಯ ಮೋಡ ತುಟಿ ಕೊಟ್ಟಿತು. ಅಷ್ಟರಲ್ಲಿ ಅಜ್ಜಿಗೆ ನಿದ್ದೆ.

"ಮೂಗು ಯಾರು ಕೊಟ್ರು ಅಜ್ಜಿ?"

ಅಜ್ಜಿಯ ಗೊರಕೆ.

"ಮೂಗು ಅವಳ ತಮ್ಮನ ಹತ್ರ ಇಸ್ಕೊಂಡ್ಲು," ಎಂದು ದೊಡ್ಡದು ಚಿಕ್ಕದರ ಮೂಗು ಹಿಂಡುತ್ತಿತ್ತು. ಇಬ್ಬರೂ ಬಾಯಿಗೆ ಕೈ ಒತ್ತಿ ನಗುತ್ತಿದ್ದರು.

ಅಜ್ಜಿ ತೀರಿಕೊಂಡ ವರ್ಷ, ಅಮ್ಮನ ಅಂಗಿ ತೊಟ್ಟು ಬೆನ್ನಿಗೆ ಕೂದಲು ಇಳಿಬಿಟ್ಟು ನಿಂತಿದ್ದ ದೊಡ್ಡ ಮಗ ಅಪ್ಪನ ಕೈಗೆ ಸಿಕ್ಕಿಬಿದ್ದ. ಅಪ್ಪ ತಗಡು ಕತ್ತರಿಸುವ ಕತ್ತರಿ ತಂದ. "ಹಿಡ್ಕೋ ಅವನ ಕೈ," ಎಂದ ಚಿಕ್ಕವನಿಗೆ. ಚಿಕ್ಕವನು ಹಿಡಿದುಕೊಂಡ. ಬಿಗಿಯಾಗಿ ಹಿಡಿದುಕೊಂಡ. ಕೂದಲಿನ ಜೊತೆ ಕಿವಿಯ ತುದಿಯೂ ಕತ್ತರಿಗೆ ಸಿಕ್ಕಿದಾಗ, ಹಿಡಿಸಿಕೊಂಡವಳು ಕಿರುಚಲಿಲ್ಲ. ಕತ್ತು ತಿರುಗಿಸಿ ತಮ್ಮನ ಮೂಗನ್ನೇ ನೋಡಿದಳು.

* * *

"ನೀರು ಕಾಯಿಸ್ರೋ ಯಾರಾದ್ರೂ! ಕುದೀಲಿ, ಕೊತ ಕೊತ ಕುದೀಲಿ!"

ತಮ್ಮ ಗೋಡೆಗೆ ಬೆನ್ನು ಕೊಟ್ಟು ಆ ಪುಟ್ಟ ಕೈಗಳನ್ನು ಮರೆಮಾಡಿ ನಿಂತಿದ್ದ. ಯಾರೂ ಅಲುಗಲಿಲ್ಲ. ಏಣಿ ಎದ್ದು ಒಳಗೆ ಹೋದ. ಒಲೆ ಹಚ್ಚಿದ ಸದ್ದು ಕೇಳಿಸಿತು.

ದರ್ಜಿಯವಳು ಅಡುಗೆಮನೆಯ ಬಾಗಿಲಿಗೆ ಬಂದಳು. "ಏಣಿ, ಬಿಸಿನೀರಾ? ಅಕ್ಕ ಯಾವಾಗ್ಲೂ ಹೇಳ್ತಿದ್ಲಲ್ಲ, ಬಿಸಿನೀರಿಗೆ..."

ಏಣಿ ತಿರುಗಿ ನೋಡಿದ. ಅವನ ಅಂಗೈಯಿಂದ ಒಲೆಯ ಮೇಲೆ ತೊಟ್ಟಿಕ್ಕಿದ ರಕ್ತ ಚುಸ್ ಎಂದಿತು. ಅವಳು ಬಾಯಿ ಮುಚ್ಚಿಕೊಂಡಳು.

ಹಂಡೆಯನ್ನು ಅವನೇ ತಂದು ತಮ್ಮನ ಕಾಲ ಬಳಿ ಇಟ್ಟ. ತಮ್ಮ ಚೊಂಬು ತುಂಬಿ ತುಂಬಿ ಎರಚಿದ. ಹಬೆ ಎದ್ದು ಕೋಣೆ ತುಂಬಿತು. ಪುಟ್ಟ ಕೈಗಳು ಉಬ್ಬಿ, ಮುದ್ದೆಯಾಗಿ, ಗೋಡೆಯಿಂದ ಕೆಳಗೆ ಹರಿದವು. "ಹೋಯ್ತು! ಹೋಯ್ತು ನೋಡು!" ಎಂದು ಅವನು ಕೂಗಿದ. ಉಳಿದದ್ದನ್ನು ಸೂರಿನ ತನಕ ಎರಚಿದ. ಆಗ ಗೋಡೆ ಒಂದು ಉಸಿರು ಬಿಟ್ಟ ಹಾಗಾಯಿತು. ವರ್ಷ ವರ್ಷದ ಪದರಗಳು ಒಟ್ಟಿಗೆ ಜಾರಿ, ಬಿಸಿಬಿಸಿಯಾಗಿ, ಲೊಳಲೊಳ ಎನ್ನುತ್ತ ಅವನ ತಲೆಯ ಮೇಲೆ, ಹೆಗಲ ಮೇಲೆ, ಮುಖದ ಮೇಲೆ ಬಿದ್ದವು. ಅವನು ಬಡಿದಾಡಿದ, ಒದ್ದ, ಕಣ್ಣು ಬಾಯಿ ಬಿಡಿಸಿಕೊಂಡು ಹೊರಬಂದ. ಅವನ ಹಿಂದೆ ಗೋಡೆ ಬೆಳ್ಳಗೆ ನಿಂತಿತ್ತು.

ಬೀದಿಯ ತುದಿಯಿಂದ ಕಾರಿನ ಹಾರ್ನ್ ಕೇಳಿತು.

"ಮಾವ ಬಂದ್ರು," ಎಂದು ಅವನು ಏದುಸಿರು ಬಿಟ್ಟ. ತೋಳಿಗಂಟಿದ ಒಂದು ಚೂರು ಎಳೆದ. ಚರ್ಮ ಅದರ ಜೊತೆ ಮೇಲೆದ್ದು ರಕ್ತ ಜಿನುಗಿತು. ಬಿಟ್ಟುಬಿಟ್ಟ. ಕೋಟಿಲ್ಲದ ತನ್ನ ಅಂಗಿಯಿಂದ ಕೆನ್ನೆ ಒರೆಸಿಕೊಂಡ. "ಮುಖದ ಮೇಲೇನಾದ್ರೂ ಇದೆಯಾ ಅತ್ತೆ?"

ಅತ್ತೆ ಹತ್ತಿರ ಬಂದು ನೋಡಿದಳು. ಕೈ ಎತ್ತಿ ಅವನ ಕೆನ್ನೆ ಮುಟ್ಟಿ, ಮೆಲ್ಲಗೆ, ಮೂವತ್ತು ವರ್ಷದಲ್ಲಿ ಬಳಸದ ದನಿಯಲ್ಲಿ ಎಂದಳು:

"ಏನಿಲ್ಲ ಮಗಳೇ, ನಡಿ."

ಅವನು ಅದಕ್ಕೂ ಕಿವಿಗೊಡಲಿಲ್ಲ. ಬೀದಿ ಗಾಡಿ ಒಳಗೆ ಬರುವಷ್ಟು ಅಗಲವಿರಲಿಲ್ಲ. ಪೆಟ್ಟಿಗೆಯನ್ನು ತುದಿಯ ತನಕ ಹೊರಬೇಕಿತ್ತು. ಮುಂದಿನ ಒಂದು ಮೂಲೆಗೆ ತಮ್ಮ ಹೆಗಲು ಕೊಟ್ಟ, ಇನ್ನೊಂದಕ್ಕೆ ಏಣಿ. ಹೊಸ್ತಿಲು ದಾಟಿದರು. ಬೀದಿಯ ಎರಡೂ ಬದಿಗೆ ಕೂತಿದ್ದ ಜನ, ಕಿವುಡ, ಕೊಡೆಯ ಗೆಳತಿಯರು, ಎಲ್ಲರೂ ಮೊದಲು ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಅದನ್ನು ಹೊತ್ತವನನ್ನು ನೋಡಿದರು. ಒಬ್ಬೊಬ್ಬರಾಗಿ ಎದ್ದು ನಿಂತರು.

ಕಾರಿನ ಬಳಿ ಮಾವ ಮುಂದೆ ಚಾಚಿದ್ದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ, "ಯಾರಿದು?" ಎಂದರು.

ಬಿಸಿಲಿಗೆ ಅಂಟು ಒಣಗುತ್ತ ಬಂತು. ತಮ್ಮನ ಹಣೆಯ ಮೇಲೆ ಕಾಡಿಗೆಯ ಎರಡು ಕಣ್ಣು, ಗಲ್ಲದ ಮೇಲೆ ಸಂಜೆಯ ಬಣ್ಣದ ತುಟಿ ಬಿಗಿಯುತ್ತ ಅವನ ಚರ್ಮವನ್ನು ಎಳೆದು ಕೂತವು. ನಡುವೆ ಖಾಲಿ ಬಿಟ್ಟಿದ್ದ ಜಾಗದಿಂದ ಅವನ ಮೂಗು ಹೊರಗೆ ಬಂದಿತ್ತು.