ಅವನ ಪಾಲಿನ ಮಾತ್ರೆ

ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಷ್ಟರಲ್ಲಿ ವಿನೋದಾಳ ಕಿಬ್ಬೊಟ್ಟೆ ಮತ್ತೆ ಹಿಡಿದುಕೊಂಡಿತು. ತರಕಾರಿ ಚೀಲ ಕೆಳಗಿಟ್ಟು ಕಂಬಿ ಹಿಡಿದು ನಿಂತಳು. ಹಿಂದಿನವರು ದೂಡಿಕೊಂಡೇ ಮುಂದೆ ಹೋದರು. ಪರ್ಸಿನಲ್ಲಿ ಎರಡು ಸ್ಟ್ರಿಪ್ ಮಾತ್ರೆಗಳಿದ್ದವು, ಹೋದ ಸಲದಂತೆಯೇ. ಒಂದು ಅವಳಿಗೆ, ಇನ್ನೊಂದು ಗಂಡ ಕುಶಲನಿಗೆ.

ಡೊಂಬಿವಲಿಯ ಡಾಕ್ಟರ್ ನಿಕಿತಾ ಆಗಷ್ಟೇ ರಿಪೋರ್ಟ್ ತೋರಿಸಿದ್ದರು. ಮತ್ತೆ ಕ್ಲಮೈಡಿಯಾ. ಮೂರು ತಿಂಗಳ ಹಿಂದೆಯೇ ಗುಣವಾಗಬೇಕಿದ್ದ ಸೋಂಕು. ಹೀಗೇ ಮರುಕಳಿಸಿದರೆ ಗರ್ಭನಾಳ ಮುಚ್ಚಿಹೋಗಬಹುದು, ಆಮೇಲೆ ಮಗುವಿನ ಆಸೆ ಕಷ್ಟವಾದೀತು ಎಂದರು. ಗಂಡ ಮಾತ್ರೆ ತೆಗೆದುಕೊಂಡರೇ ಎಂದು ಕೇಳಿದಾಗ ವಿನೋದಾ ನಿಜ ಹೇಳಿಬಿಟ್ಟಳು. ಅವನಿಗೆ ಹೇಳಲು ನಾಚಿಕೆಯಾಗಿ ಅವನ ಪಾಲಿನದ್ದನ್ನೂ ತಾನೇ ನುಂಗಿದ್ದಳು. ಎರಡು ಪಾಲು ತಿಂದರೆ ಇಬ್ಬರಿಗೂ ಸಾಕಾದೀತು ಎಂದುಕೊಂಡಿದ್ದಳು. ಡಾಕ್ಟರ್ ಬೈಯಲಿಲ್ಲ. ಅವರಿಗೂ ಮದ್ದಾಗದಿದ್ದರೆ ಅವರಿಂದ ನಿಮಗೆ ಮತ್ತೆ ಮತ್ತೆ ತಗಲುತ್ತಲೇ ಇರುತ್ತದೆ ಎಂದರು. ಮದ್ದಿರುವ ಇಂಥ ಲೈಂಗಿಕ ಸೋಂಕುಗಳು ಜಗತ್ತಿನಲ್ಲಿ ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ತಗಲುತ್ತವೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಯಾರಿಂದ ಯಾವಾಗ ಬಂತೆಂದು ಯಾವ ರಿಪೋರ್ಟೂ ಹೇಳುವುದಿಲ್ಲ ಎಂದರು.

ಖಾರಘರದ ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್ ಆಗಿದ್ದ ಕುಶಲನಿಗೆ ಅಂದು ರಜೆ. ಅವನ ಚಹಾದ ಪಕ್ಕ ಸ್ಟ್ರಿಪ್ ಇಟ್ಟು ವಿನೋದಾ ಸೋಂಕು ಮರುಕಳಿಸಿದ್ದನ್ನೂ ಡಾಕ್ಟರ್ ಹೇಳಿದ್ದನ್ನೂ ತಿಳಿಸಿದಳು.

"ನನಗೆ ಉರಿ ಇಲ್ಲ, ನೋವಿಲ್ಲ. ಎಂತಕ್ಕೆ ಮದ್ದು?" ಎಂದ ಅವನು. "ಮದುವೆಗೆ ಮುಂಚಿನದ್ದನ್ನೆಲ್ಲ ಈಗ ಕೆದಕುದಾ?"

"ನಾನು ಎಂತದೂ ಕೇಳಲಿಲ್ಲ."

"ಹೋದ ಸಲವೂ ಇದೇ ಮಾತ್ರೆ ತಿಂದಿದ್ದಿ. ಎಂತ ಆಯ್ತು? ಆ ಡಾಕ್ಟ್ರಿಗೇ ಗೊತ್ತಿಲ್ಲ."

"ನಿಮ್ಮ ಪಾಲಿನದ್ದೂ ನಾನೇ ನುಂಗಿದ್ದೆ, ನಿಮಗೆ ಬೇಜಾರಾಗ್ತದೆ ಅಂತ. ಇನ್ನು ನನ್ನಿಂದ ಆಗುದಿಲ್ಲ."

ಅವನು ಚಹಾ ಮುಟ್ಟದೆ ಬಾಲ್ಕನಿಗೆ ಹೋಗಿ ಕುಳಿತ. ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. ವಿನೋದಾ ತನ್ನ ಮಾತ್ರೆ ತೆಗೆದುಕೊಂಡು ಹಾಲ್‌ನಲ್ಲೇ ಚಾಪೆ ಹಾಸಿಕೊಂಡಳು. ಜಗಳಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಬೆಳಿಗ್ಗೆ ಎದ್ದಾಗ ಅವನು ಲೋಕಲ್ ಹಿಡಿಯಲು ಹೊರಟುಹೋಗಿದ್ದ. ಮೇಜಿನ ಮೇಲೆ ಸ್ಟ್ರಿಪ್ ಇರಲಿಲ್ಲ. ಕಸದ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಅಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅವನ ಫೋನ್ ಬಂತು. ಥಾಣೆಯಲ್ಲಿ ಇಳಿದು ಖಾರಘರದ ಕಡೆ ಹೋಗುವ ಪನ್ವೇಲ್ ಗಾಡಿಗೆ ಕಾಯುತ್ತಿದ್ದ. ಅನೌನ್ಸ್‌ಮೆಂಟ್ ಮುಗಿದ ಮೇಲೆ, "ಇದು ಖಾಲಿ ಹೊಟ್ಟೆಗೆ ಆಗ್ತದಾ?" ಎಂದು ಕೇಳಿದ.

"ಇಲ್ಲ, ವಾಂತಿ ಬರ್ತದೆ. ನನಗೆ ಬಂದಿತ್ತು."

ಆ ಕಡೆ ಗಾಡಿಯೊಂದು ಬಂದು ನಿಂತ ಸದ್ದು. ಅವನು ಹತ್ತಿದಂತಿರಲಿಲ್ಲ.

"ಇಲ್ಲೇ ಎರಡು ಇಡ್ಲಿ ತಿಂದು ತೆಗೊಳ್ತೇನೆ," ಎಂದ. ಆಮೇಲೆ, ತಗ್ಗಿದ ದನಿಯಲ್ಲಿ, "ನಿನ್ನದು ತಿಂಡಿ ಆಯ್ತಾ?"